ಕ್ರೀಟ್ ದ್ವೀಪಕ್ಕೆ ಹೊರಡುವ ಮುನ್ನ

ಈ ವಿಭಾಗದಲ್ಲಿ ಓದಿ ಹೋದವರಲ್ಲಿ ಅನೇಕರು ಇಂದು ಕೊಲ್ಲಿ ರಾಷ್ಟ್ರಗಳಲ್ಲಿ ಉದ್ಯೋಗದಲ್ಲಿದ್ದಾರೆ. ದುಬೈಯಿಂದ ಗ್ರೀಸಿನ ರಾಜಧಾನಿ ಅಥೆನ್ಸಿಗೆ ವಿಮಾನದಲ್ಲಿ ಸುಮಾರು ಐದು ಗಂಟೆಗಳ ಹಾದಿ. ಆದುದರಿಂದ ಮೆಡಿಟರೇನಿಯನ್ ಸಮುದ್ರದ ದ್ವೀಪವೊಂದರಲ್ಲಿ ಹತ್ತು ದಿನ ಕಳೆದು ಬರಬೇಕೆಂಬ ಆಸೆ ನಮ್ಮವರಿಗೆ ಈಗ ಕೈಗೆಟುಕದ ಆಸೆಯೇನೂ ಅಲ್ಲ. ಕಡಲತೀರವೂ ಬೇಕು, ಪ್ರಾಚೀನ ಅವಶೇಷಗಳೂ ಬೇಕು, ಊಟವೂ ರುಚಿಕರವಾಗಿರಬೇಕು ಎನ್ನುವವರಿಗೆ ಸಿಸಿಲಿ, ಸೈಪ್ರಸ್, ಕ್ರೀಟ್ ಈ ಮೂರೂ ದ್ವೀಪಗಳು ಒದಗುತ್ತವೆ. ಈ ಮೂರರಲ್ಲಿ ಒಂದನ್ನು ಆರಿಸಬೇಕಾದರೆ, ಭಾಷಾಭ್ಯಾಸಿಗಳು ಕ್ರೀಟನ್ನೇ ಆರಿಸಬೇಕೆಂಬುದು ನನ್ನ ಅಭಿಪ್ರಾಯ. ಓದಲು ಬಂದ ಒಂದು ಲಿಪಿ, ಓದಲು ಬಾರದ ಒಂದು ಲಿಪಿ, ಕಲ್ಲಿನ ಗೋಡೆಯ ಮೇಲೆ ಕೊರೆದ ಒಂದು ಇಡೀ ಕಾನೂನು ಸಂಹಿತೆ, ಇವೆಲ್ಲ ಒಂದು ಗಂಟೆಯ ಪ್ರಯಾಣದ ಅಂತರದಲ್ಲಿ ಮತ್ತೆಲ್ಲಿಯೂ ಸಿಗಲಾರವು.

ಕಡಲನ್ನು ಮನೆಯಂಗಳದಲ್ಲಿ ಇಟ್ಟುಕೊಂಡಂತಿರುವ ಕಾಸರಗೋಡಿನವರು ಕಡಲು ನೋಡಲೆಂದು ಅಷ್ಟು ದೂರ ಹೋಗಬೇಕೇ ಎಂಬ ಪ್ರಶ್ನೆ ಸಹಜ. ಆದರೆ ಎರಡು ಕಡಲುಗಳ ಸ್ವಭಾವವೇ ಬೇರೆ. ನಮ್ಮ ಅರಬ್ಬೀ ಸಮುದ್ರದಲ್ಲಿ ಉಬ್ಬರವಿಳಿತವಿದೆ, ಮಳೆಗಾಲದ ರೌದ್ರವಿದೆ, ಹೊಳೆಗಳು ತಂದು ಸುರಿಯುವ ಮಣ್ಣಿದೆ. ನೀರು ಹಸಿರು ಮಿಶ್ರಿತ ಬೂದುಬಣ್ಣದ್ದು. ಕ್ರೀಟಿನ ಸುತ್ತಲಿನ ಕಡಲಿನಲ್ಲಿ ಉಬ್ಬರವಿಳಿತ ಇಲ್ಲವೆನ್ನುವಷ್ಟು ಕಡಿಮೆ. ಮೂರಾಳು ಆಳದ ತಳದಲ್ಲಿರುವ ಕಲ್ಲನ್ನೂ ಎಣಿಸಬಹುದಾದಷ್ಟು ನೀರು ತಿಳಿ. ಈ ತಿಳಿತನಕ್ಕೆ ಕಾರಣ ಸಮೃದ್ಧಿಯಲ್ಲ, ಬಡತನ. ಪೂರ್ವ ಮೆಡಿಟರೇನಿಯನ್ ನೀರಿನಲ್ಲಿ ಸಾರಾಂಶ ತೀರ ಕಡಿಮೆ, ಆದುದರಿಂದ ಸೂಕ್ಷ್ಮ ಸಸ್ಯಜೀವಿಗಳು ಕಡಿಮೆ, ಆದುದರಿಂದಲೇ ಮೀನೂ ಕಡಿಮೆ. ನಮ್ಮ ಕಲಕಿದ ನೀರಿನಲ್ಲಿ ಭೂತಾಯಿ, ಬಂಗುಡೆ ರಾಶಿ ರಾಶಿಯಾಗಿ ಸಿಗುವುದಕ್ಕೂ ಅಲ್ಲಿನ ಹೋಟೆಲುಗಳಲ್ಲಿ ತಾಜಾ ಮೀನನ್ನು ತೂಕಕ್ಕೆ ಹಾಕಿ ದುಬಾರಿ ಬೆಲೆಗೆ ಮಾರುವುದಕ್ಕೂ ಕಾರಣ ಇದೇ. ಮೀನು ಹೇಳುವ ಮೊದಲು ಕಿಲೋಗೆ ಎಷ್ಟೆಂದು ಕೇಳಿಕೊಳ್ಳುವುದು ಕ್ಷೇಮ.

ಯೋಜನೆ ಹಾಕುವವರು ಮೊತ್ತಮೊದಲು ಭೂಪಟವನ್ನು ನೋಡಬೇಕು. ದ್ವೀಪವೆಂದೊಡನೆ ಒಂದೆರಡು ದಿನಗಳಲ್ಲಿ ಪ್ರದಕ್ಷಿಣೆ ಹಾಕಬಹುದೆಂಬ ಕಲ್ಪನೆ ನಮ್ಮಲ್ಲಿ ಬೇರೂರಿದೆ. ಕ್ರೀಟ್ ಪೂರ್ವ ಪಶ್ಚಿಮವಾಗಿ ಸುಮಾರು 260 ಕಿಲೋಮೀಟರ್ ಉದ್ದವಿದೆ. ಅಗಲ ಕೆಲವೆಡೆ 12, ಕೆಲವೆಡೆ 60 ಕಿಲೋಮೀಟರ್. ನಡುವೆ ಬೆನ್ನೆಲುಬಿನಂತೆ ಪರ್ವತಶ್ರೇಣಿ. ಅದರ ಎತ್ತರದ ಶಿಖರ ಪ್ಸಿಲೊರೀತಿಸ್ 2,456 ಮೀಟರ್. ರೈಲು ಇಲ್ಲ. ಉತ್ತರದ ಕರಾವಳಿಯುದ್ದಕ್ಕೂ ಒಂದು ಹೆದ್ದಾರಿಯಿದೆ, ಊರುಗಳೆಲ್ಲ ಬಹುಮಟ್ಟಿಗೆ ಅದರ ಮೇಲಿವೆ; ದಕ್ಷಿಣ ತೀರಕ್ಕೆ ಹೋಗಬೇಕಾದರೆ ಘಟ್ಟ ಹತ್ತಿ ಇಳಿಯಬೇಕು. ನಕ್ಷೆಯಲ್ಲಿ ನಲ್ವತ್ತು ಕಿಲೋಮೀಟರ್ ಕಂಡದ್ದು ತಿರುವುಗಳಲ್ಲಿ ಒಂದೂವರೆ ಗಂಟೆಯಾಗುವುದು ಚಾರ್ಮಾಡಿಯನ್ನೋ ಮಡಿಕೇರಿಯ ದಾರಿಯನ್ನೋ ಬಲ್ಲವರಿಗೆ ಹೊಸ ವಿಷಯವಲ್ಲ. ಹತ್ತು ದಿನಗಳಿದ್ದರೆ ಎರಡು ಕಡೆ ಬೀಡು ಬಿಟ್ಟರೆ ಸಾಕು: ನಡುಭಾಗದ ಇರಾಕ್ಲಿಯೊ ನಗರದಲ್ಲಿ ನಾಲ್ಕು ದಿನ, ಪಶ್ಚಿಮದ ಹನ್ಯಾದಲ್ಲಿ ಐದಾರು ದಿನ. ದಿನಕ್ಕೊಂದು ಊರಿನಂತೆ ಪೆಟ್ಟಿಗೆ ಕಟ್ಟುತ್ತ ಹೋಗುವವರು ಹಿಂತಿರುಗಿ ಬಂದಾಗ ರಸ್ತೆಯನ್ನು ಮಾತ್ರ ವರ್ಣಿಸಬಲ್ಲರು.

ಕಾಲವೂ ಮುಖ್ಯ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬಿಸಿಲು ಕಠೋರ, ಜನಸಂದಣಿ ಅದಕ್ಕಿಂತ ಕಠೋರ; ಸಾಲದ್ದಕ್ಕೆ ಮೆಲ್ತೇಮಿ ಎಂಬ ಉತ್ತರದ ಗಾಳಿ ಬೀಸಿ ಉತ್ತರ ತೀರದ ಕಡಲನ್ನು ಕೆರಳಿಸುತ್ತದೆ. ಮೇ ನಡುವಿನಿಂದ ಜೂನ್ ಅಂತ್ಯದವರೆಗೆ, ಇಲ್ಲವೇ ಸೆಪ್ಟೆಂಬರಿನಿಂದ ಅಕ್ಟೋಬರ್ ನಡುವಿನವರೆಗೆ ಹೋಗುವುದು ಲೇಸು. ಬೇಸಗೆಯ ಬಿಸಿಯನ್ನೆಲ್ಲ ಹೀರಿಕೊಂಡ ನೀರು ಸೆಪ್ಟೆಂಬರಿನಲ್ಲಿಯೂ ಬೆಚ್ಚಗಿರುತ್ತದೆ. ಮೇ ತಿಂಗಳಲ್ಲಿ ಬೆಟ್ಟಗಳು ಹೂವಿನಿಂದ ತುಂಬಿದ್ದರೂ ನೀರು ತಣ್ಣಗೆ. ಚಳಿಗಾಲದಲ್ಲಿ ಕರಾವಳಿಯ ಸಣ್ಣ ಹೋಟೆಲುಗಳು ಬಾಗಿಲು ಹಾಕಿರುತ್ತವೆ.

ಕಾಗದಪತ್ರಗಳ ವಿಚಾರ ಚುಟುಕಾಗಿ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಶೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಪಕ್ಷ 15 ದಿನ ಮೊದಲಾದರೂ ಹಾಕಬೇಕು. ಬೇಸಗೆಯಲ್ಲಿ ಅರ್ಜಿ ಕೇಂದ್ರದ ಸಂದರ್ಶನದ ದಿನಾಂಕವೇ ದುರ್ಲಭವಾಗುವುದರಿಂದ ಮೂರು ತಿಂಗಳು ಮುಂಚೆ ತೊಡಗುವುದು ಒಳ್ಳೆಯದು. ವಯಸ್ಕರಿಗೆ ಶುಲ್ಕ 90 ಯುರೋ. ಕನಿಷ್ಠ 30,000 ಯುರೋ ಚಿಕಿತ್ಸಾವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಕೊಲ್ಲಿಯಲ್ಲಿ ನೆಲೆಸಿರುವವರು ಅಲ್ಲಿಯ ವಾಸ್ತವ್ಯದ ಪರವಾನಗಿಯ ಮೇಲೆ ಅಲ್ಲಿಂದಲೇ ಅರ್ಜಿ ಸಲ್ಲಿಸಬಹುದು. ಕಾರು ಬಾಡಿಗೆಗೆ ಪಡೆಯುವವರು ಊರಿನಿಂದಲೇ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡಿರಬೇಕು. ಅಲ್ಲಿ ವಾಹನ ಓಡುವುದು ರಸ್ತೆಯ ಬಲಬದಿಯಲ್ಲಿ. ಬಸ್ಸುಗಳು ಚೆನ್ನಾಗಿವೆ, ಆದರೆ ದಕ್ಷಿಣದ ಹಳ್ಳಿಗಳಿಗೆ ದಿನಕ್ಕೆ ಒಂದೆರಡೇ.

ಇನ್ನು ಅವಶೇಷಗಳು. ಇರಾಕ್ಲಿಯೊದಿಂದ ದಕ್ಷಿಣಕ್ಕೆ ಐದು ಕಿಲೋಮೀಟರ್ ದೂರದಲ್ಲಿ ಕ್ನೋಸೋಸ್ ಅರಮನೆಯಿದೆ. ಯುರೋಪಿನ ಮೊದಲ ನಾಗರಿಕತೆಯೆಂದು ಕರೆಯಲಾಗುವ ಮಿನೋವನ್ ನಾಗರಿಕತೆಯ ಕೇಂದ್ರವದು. ಸ್ಥಳೀಯ ವರ್ತಕನಾದ ಮಿನೋಸ್ ಕಾಲೊಕೈರಿನೋಸ್ 1878ರಲ್ಲಿ ಅಲ್ಲಿ ಮೊದಲು ಅಗೆದು ದೊಡ್ಡ ಹರವಿಗಳನ್ನು ಹೊರತೆಗೆದ. ಕೀರ್ತಿ ಮಾತ್ರ ಸಂದದ್ದು 1900ರಲ್ಲಿ ಭೂಮಿಯನ್ನೇ ಕೊಂಡು ಉತ್ಖನನ ಆರಂಭಿಸಿದ ಇಂಗ್ಲೆಂಡಿನ ಆರ್ಥರ್ ಇವಾನ್ಸ್‌ಗೆ. ಇವಾನ್ಸ್ ಅಗೆದು ತೋರಿಸಿ ಸುಮ್ಮನಾಗಲಿಲ್ಲ, ಕಟ್ಟಿಯೂ ತೋರಿಸಿದ. ಇಂದು ಚಿತ್ರಪಟಗಳಲ್ಲಿ ಕಾಣುವ, ಮೇಲೆ ದಪ್ಪ ಕೆಳಗೆ ಸಪೂರವಾದ ಕೆಂಪು ಕಂಬಗಳು ಮೂಲದಲ್ಲಿ ಮರದವು. ಈಗಿರುವವು ಇಪ್ಪತ್ತನೆಯ ಶತಮಾನದ ಕಾಂಕ್ರೀಟ್. ಲಿಲ್ಲಿ ಹೂಗಳ ರಾಜಕುಮಾರ ಎಂಬ ಪ್ರಸಿದ್ಧ ಭಿತ್ತಿಚಿತ್ರ ಬೇರೆ ಬೇರೆ ಆಕೃತಿಗಳದ್ದಿರಬಹುದಾದ ತುಣುಕುಗಳನ್ನು ಕೂಡಿಸಿ, ಉಳಿದುದನ್ನು ಊಹಿಸಿ ಬರೆದದ್ದು. ಇದನ್ನು ಅರಿಯದೆ ನೋಡುವವರು ಮೂರೂವರೆ ಸಾವಿರ ವರ್ಷಗಳ ಹಿಂದಿನ ಅರಮನೆಯ ಜೊತೆಗೆ ನೂರು ವರ್ಷಗಳ ಹಿಂದಿನ ಒಬ್ಬ ವಿದ್ವಾಂಸನ ಕನಸನ್ನೂ ಭೇದವಿಲ್ಲದೆ ನೋಡಿ ಬರುತ್ತಾರೆ. ಹಳೆಯ ಕೃತಿಯ ಸಂಪಾದನೆಯಲ್ಲಿ ತ್ರುಟಿತ ಪಾಠವನ್ನು ಸಂಪಾದಕ ತನ್ನ ಊಹೆಯಿಂದ ತುಂಬಿ ಕಂಸವನ್ನು ಹಾಕದೆ ಬಿಟ್ಟರೆ ಏನಾಗುತ್ತದೆಂಬುದನ್ನು ಗ್ರಂಥಸಂಪಾದನೆ ಓದಿದ ನಮ್ಮ ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿಲ್ಲ. ಕ್ನೋಸೋಸ್ ಕಂಸವಿಲ್ಲದ ಸಂಪಾದನೆ. ಹಾಗೆಂದು ಹೋಗದಿರಬಾರದು; ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಹಡಗುಗಳಿಂದ ಇಳಿದ ಗುಂಪುಗಳು ಬರುವ ಮೊದಲು, ಸಿಂಹಾಸನದ ಕೋಣೆಯ ಕಲ್ಲಿನ ಪೀಠವನ್ನೂ ಪಶ್ಚಿಮದ ಉಗ್ರಾಣಗಳಲ್ಲಿ ಸಾಲಾಗಿ ನಿಂತ ಎಣ್ಣೆಯ ಹರವಿಗಳನ್ನೂ ನೋಡಬೇಕು.

ಅಲ್ಲಿ ದೊರೆತ ವಸ್ತುಗಳಿರುವುದು ನಗರದ ಪುರಾತತ್ವ ಸಂಗ್ರಹಾಲಯದಲ್ಲಿ. ಅರಮನೆಗಿಂತ ಹೆಚ್ಚಿನ ಸಮಯವನ್ನು ಇದಕ್ಕೆ ಇಡಬೇಕು. ಗೂಳಿಯ ಬೆನ್ನಿನ ಮೇಲೆ ಲಾಗ ಹಾಕುವವರ ಚಿತ್ರ, ಎರಡೂ ಕೈಗಳಲ್ಲಿ ಹಾವು ಹಿಡಿದ ಸ್ತ್ರೀಮೂರ್ತಿ, ಎರಡು ಜೇನ್ನೊಣಗಳ ಚಿನ್ನದ ಪದಕ ಇವುಗಳ ಮುಂದೆ ಜನ ಮುತ್ತಿಕೊಂಡಿರುತ್ತಾರೆ. ಅಂಗೈಯಷ್ಟಗಲದ ಮಣ್ಣಿನ ಫಲಕಗಳ ಮುಂದೆ ಅಷ್ಟು ಜನರಿರುವುದಿಲ್ಲ. ನಾವು ನಿಲ್ಲಬೇಕಾದದ್ದು ಅಲ್ಲಿ.

ಈ ಫಲಕಗಳಲ್ಲಿ ಎರಡು ಲಿಪಿಗಳಿವೆ. ಇವಾನ್ಸ್ ಅವುಗಳನ್ನು ಲೀನಿಯರ್ ಎ, ಲೀನಿಯರ್ ಬಿ ಎಂದು ಕರೆದ. ಎರಡನೆಯದನ್ನು 1952ರಲ್ಲಿ ಓದಿದವನು ಮೈಕೆಲ್ ವೆಂಟ್ರಿಸ್. ವೃತ್ತಿಯಿಂದ ಅವನು ಭಾಷಾಶಾಸ್ತ್ರಜ್ಞನಲ್ಲ, ವಾಸ್ತುಶಿಲ್ಪಿ. ಅದಕ್ಕೂ ಮೊದಲು ಅಮೆರಿಕದ ಆಲಿಸ್ ಕೋಬರ್ ಎಂಬ ವಿದುಷಿ, ಪದಗಳ ಕೊನೆಯ ಅಕ್ಷರಗಳು ವಿಭಕ್ತಿಗೆ ಅನುಗುಣವಾಗಿ ಬದಲಾಗುತ್ತವೆಂದು ತೋರಿಸಿ ದಾರಿಯನ್ನು ಸವೆಸಿದ್ದಳು. ಲಿಪಿಯ ರೀತಿ ನಮಗೆ ಸುಲಭವಾಗಿ ಅರ್ಥವಾಗುವಂಥದು. ಪ್ರತಿಯೊಂದು ಚಿಹ್ನೆಯೂ ಒಂದು ಗುಣಿತಾಕ್ಷರ: ಒಂದು ‘ಕ’, ಒಂದು ‘ಕಿ’, ಒಂದು ‘ಕೊ’. ಆದರೆ ನಮ್ಮ ಕಾಗುಣಿತದಲ್ಲಿ ಕಿ ಎಂಬುದು ಕ ಎಂಬುದರ ಮಗುವಿನಂತೆ ಕಂಡರೆ, ಅಲ್ಲಿ ಅವೆರಡಕ್ಕೂ ರೂಪದಲ್ಲಿ ಯಾವ ಸಂಬಂಧವೂ ಇಲ್ಲ. ಒತ್ತಕ್ಷರವೂ ಇಲ್ಲ. ಆದುದರಿಂದ ಕ್ನೋಸೋಸ್ ಎಂದು ಬರೆಯಬೇಕಾದರೆ ‘ಕೊ-ನೊ-ಸೊ’ ಎಂದೇ ಬರೆಯಬೇಕು. ಅದರ ಬಂದರಾದ ಅಮ್ನಿಸೋಸ್ ‘ಅ-ಮಿ-ನಿ-ಸೊ’ ಆಗುತ್ತದೆ. ಈ ಊರಹೆಸರುಗಳನ್ನು ಊಹಿಸಿ ಹಿಡಿದದ್ದರಿಂದಲೇ ವೆಂಟ್ರಿಸ್‌ಗೆ ಬೀಗ ತೆರೆಯಿತು. ಒಳಗಿದ್ದ ಭಾಷೆ, ಅವನೂ ನಿರೀಕ್ಷಿಸಿರದ, ಗ್ರೀಕ್! ಹೋಮರನಿಗಿಂತ ಐದಾರು ಶತಮಾನ ಹಿಂದಿನ ಗ್ರೀಕ್. ಕಾವ್ಯವಾಗಲಿ ಶಾಸ್ತ್ರವಾಗಲಿ ಅದರಲ್ಲಿ ಇರಲಿಲ್ಲ. ಇದ್ದದ್ದು ಕುರಿಗಳ ಲೆಕ್ಕ, ಎಣ್ಣೆಯ ಲೆಕ್ಕ, ಯಾವ ದೇವತೆಗೆ ಎಷ್ಟು ಜೇನು ಎಂಬ ಲೆಕ್ಕ. ಹಸಿಮಣ್ಣಿನಲ್ಲಿ ಗೀಚಿ ಒಣಗಿಸಿದ ಈ ಫಲಕಗಳನ್ನು ಸುಟ್ಟು ಗಟ್ಟಿಮಾಡುವ ಪದ್ಧತಿ ಅವರಲ್ಲಿರಲಿಲ್ಲ. ಅರಮನೆಗೆ ಬಿದ್ದ ಬೆಂಕಿ ಅರಮನೆಯನ್ನು ನುಂಗಿ ಲೆಕ್ಕದ ಕಡತವನ್ನು ಉಳಿಸಿತು.

ಲೀನಿಯರ್ ಎ ಇಂದಿಗೂ ಮೌನವಾಗಿದೆ. ಎರಡೂ ಲಿಪಿಗಳಲ್ಲಿ ಅನೇಕ ಚಿಹ್ನೆಗಳು ಸಮಾನವಾಗಿರುವುದರಿಂದ ಉಚ್ಚಾರವನ್ನು ಸರಿಸುಮಾರು ಹೇಳಬಹುದು, ಅರ್ಥವಾಗುವುದಿಲ್ಲ. ಅರಮನೆಗಳನ್ನು ಮೊದಲು ಕಟ್ಟಿದವರು ಆಡುತ್ತಿದ್ದ ಭಾಷೆ ಯಾವ ಕುಲದ್ದೆಂಬುದೂ ತಿಳಿಯದು. ದೊರೆತ ಬರಹಗಳ ಅಕ್ಷರಗಳನ್ನೆಲ್ಲ ಕೂಡಿಸಿದರೂ ಹತ್ತು ಸಾವಿರ ಮುಟ್ಟುವುದಿಲ್ಲ. ಅದೇ ಸಂಗ್ರಹಾಲಯದಲ್ಲಿರುವ ಫೆಸ್ಟೋಸ್ ಬಿಲ್ಲೆ ಇನ್ನೂ ವಿಚಿತ್ರ. 1908ರಲ್ಲಿ ಸಿಕ್ಕ, ಸುಮಾರು 16 ಸೆಂಟಿಮೀಟರ್ ಅಗಲದ ಆ ಮಣ್ಣಿನ ಬಿಲ್ಲೆಯ ಎರಡೂ ಮುಖಗಳಲ್ಲಿ ಸುರುಳಿಯಾಗಿ 45 ಬಗೆಯ ಚಿಹ್ನೆಗಳನ್ನು ಅಚ್ಚಿನಿಂದ ಒತ್ತಲಾಗಿದೆ. ಅದನ್ನು ಓದಿದ್ದೇವೆಂದು ಹೇಳಿಕೊಂಡವರ ಸಂಖ್ಯೆ ಬಿಲ್ಲೆಯ ಚಿಹ್ನೆಗಳಿಗಿಂತ ಹೆಚ್ಚಿರಬಹುದು. ಒಪ್ಪಿತವಾದ ಓದು ಒಂದೂ ಇಲ್ಲ.

ಮೂರನೆಯ ದಿನ ದಕ್ಷಿಣಕ್ಕೆ ಹೋಗಬೇಕು. ಮೆಸಾರಾ ಬಯಲಿಗೆ ಇಳಿದೊಡನೆ ಸಿಗುವುದು ಗೋರ್ತಿನ್. ರೋಮನರ ಕಾಲದಲ್ಲಿ ಇದು ದ್ವೀಪದ ರಾಜಧಾನಿ. ಇಲ್ಲಿಯ ಸಣ್ಣ ರಂಗಮಂದಿರದ ಹಿಂದಿನ ಗೋಡೆಯಲ್ಲಿ ಕ್ರಿಸ್ತಪೂರ್ವ ಐದನೆಯ ಶತಮಾನದ ಕಾನೂನು ಸಂಹಿತೆ ಇದೆ. ಸುಮಾರು 600 ಸಾಲುಗಳು. ಮೊದಲ ಸಾಲು ಬಲದಿಂದ ಎಡಕ್ಕೆ, ಮುಂದಿನದು ಎಡದಿಂದ ಬಲಕ್ಕೆ, ಮತ್ತೆ ತಿರುಗಿ ಬಲದಿಂದ ಎಡಕ್ಕೆ. ಗದ್ದೆಯ ಅಂಚು ಮುಟ್ಟಿದ ಎತ್ತು ತಿರುಗಿ ಬರುವಂತೆ ಇರುವ ಈ ಬರವಣಿಗೆಗೆ ಗ್ರೀಕರು ಇಟ್ಟ ಹೆಸರಿನ ಅರ್ಥವೂ ಎತ್ತಿನ ತಿರುವು ಎಂದೇ. ವಿಷಯ ಮನೆತನದ್ದು: ವಿಚ್ಛೇದನವಾದರೆ ಹೆಂಡತಿ ತಾನು ತಂದ ಆಸ್ತಿಯನ್ನೂ ತಾನು ನೇಯ್ದುದರಲ್ಲಿ ಅರ್ಧವನ್ನೂ ಒಯ್ಯಬಹುದು, ತಂದೆಯ ಆಸ್ತಿಯಲ್ಲಿ ಮಗನಿಗೆ ಎರಡು ಪಾಲಾದರೆ ಮಗಳಿಗೆ ಒಂದು ಪಾಲು. ಅಳಿಯಕಟ್ಟಿನ ನೆಲದಿಂದ ಹೋದವರಿಗೆ ಇದು ಜಿಪುಣತನವೆನಿಸಬಹುದು. ಆ ಕಾಲದ ಅಥೆನ್ಸಿನಲ್ಲಿ ಗಂಡುಮಕ್ಕಳಿದ್ದ ಮನೆಯ ಹೆಣ್ಣಿಗೆ ವರದಕ್ಷಿಣೆಯ ಹೊರತು ಪಾಲೇ ಇರಲಿಲ್ಲ ಎಂಬುದನ್ನು ನೆನೆದರೆ ಗೋರ್ತಿನಿನ ಗೋಡೆಯ ಬೆಲೆ ತಿಳಿಯುತ್ತದೆ.

ಅಲ್ಲಿಂದ ಮುಂದೆ ಫೆಸ್ಟೋಸ್. ಇಟಲಿಯ ವಿದ್ವಾಂಸರು ಅಗೆದ ಈ ಅರಮನೆಯಲ್ಲಿ ಕಾಂಕ್ರೀಟಿನ ಊಹೆಗಳಿಲ್ಲ. ಗುಡ್ಡದ ನೆತ್ತಿಯಲ್ಲಿ ವಿಶಾಲವಾದ ಮೆಟ್ಟಿಲುಗಳು, ಅಂಗಳ, ಗೋಡೆಗಳ ಬುಡಗಳು. ಉತ್ತರಕ್ಕೆ ಪ್ಸಿಲೊರೀತಿಸ್, ಸುತ್ತಲೂ ಆಲಿವ್ ತೋಟಗಳು. ಕ್ನೋಸೋಸಿನ ಮರುದಿನ ಇದನ್ನು ನೋಡಿದರೆ ಎರಡೂ ಅರ್ಥವಾಗುತ್ತವೆ. ಕ್ನೋಸೋಸ್, ಫೆಸ್ಟೋಸ್ ಸೇರಿದಂತೆ ಆರು ಮಿನೋವನ್ ಅರಮನೆ ಕೇಂದ್ರಗಳು 2025ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿವೆ. ಮಧ್ಯಾಹ್ನದ ಬಿಸಿಲೇರುವ ಹೊತ್ತಿಗೆ ಹತ್ತಿರದ ಮತಾಲಾ ತೀರಕ್ಕೆ ಇಳಿಯಬಹುದು. ಅಲ್ಲಿಯ ಬಂಡೆಯಲ್ಲಿ ಕೊರೆದ ಗುಹೆಗಳು ರೋಮನ್ ಕಾಲದಲ್ಲಿ ಸಮಾಧಿಗಳು, 1960ರ ದಶಕದಲ್ಲಿ ಹಿಪ್ಪಿಗಳ ಮನೆಗಳು. ಗದ್ದಲ ಬೇಡವೆನ್ನುವವರಿಗೆ ಪಕ್ಕದಲ್ಲಿಯೇ ಕೊಮ್ಮೋಸ್ ಇದೆ: ಉದ್ದನೆಯ ಮರಳುದಂಡೆ, ಬೇಲಿಯಾಚೆ ಮಿನೋವನ್ನರ ಬಂದರಿನ ಕಲ್ಲುಗಳು, ಬೇಸಗೆಯಲ್ಲಿ ಮೊಟ್ಟೆಯಿಡಲು ಬರುವ ಕಡಲಾಮೆಗಳು. ಗೂಡಿನ ಗುರುತು ಹಾಕಿದಲ್ಲಿ ಕೊಡೆ ನೆಡಬಾರದು.

ಪಶ್ಚಿಮದಲ್ಲಿ ಎಲಾಫೊನೀಸಿ, ಬಾಲೊಸ್ ಎಂಬ ಎರಡು ತೀರಗಳು ಜಾಹೀರಾತುಗಳಲ್ಲೆಲ್ಲ ಕಾಣುವಂಥವು. ಎಲಾಫೊನೀಸಿಯ ಮರಳು ಸೂಕ್ಷ್ಮಜೀವಿಗಳ ಚಿಪ್ಪುಗಳಿಂದಾಗಿ ನಸುಗೆಂಪು. ಹನ್ಯಾದಿಂದ 75 ಕಿಲೋಮೀಟರ್. ಬೆಳಗಾಗುವ ಮೊದಲೇ ಹೊರಟರೆ ಮಾತ್ರ ಸುಖ. ನಡೆಯಬಲ್ಲವರು ಒಂದು ದಿನವನ್ನು ಸಮರಿಯಾ ಕಮರಿಗೆ ಕೊಡಲಿ: ಮೇಯಿಂದ ಅಕ್ಟೋಬರಿನವರೆಗೆ ತೆರೆದಿರುವ, 16 ಕಿಲೋಮೀಟರಿನ ಇಳಿಜಾರು, ಕೊನೆಗೆ ಲಿಬಿಯಾ ಕಡಲು, ಹಿಂತಿರುಗುವುದು ದೋಣಿಯಲ್ಲಿ. ಮೊಣಕಾಲು ನೋವಿನವರು ಇದನ್ನು ಬಿಟ್ಟುಬಿಡುವುದು ಒಳ್ಳೆಯದು. ಇಳಿಯುವುದು ಹತ್ತುವುದಕ್ಕಿಂತ ಸುಲಭವೆಂಬ ನಂಬಿಕೆಗೆ ಆಧಾರವಿಲ್ಲ.

ಊಟದ ವಿಚಾರದಲ್ಲಿ ನಮ್ಮವರಿಗೆ, ವಿಶೇಷವಾಗಿ ಸಸ್ಯಾಹಾರಿಗಳಿಗೆ, ಅಂಜಿಕೆ ಹೆಚ್ಚು. ಕ್ರೀಟಿನಲ್ಲಿ ಅದು ಅನಾವಶ್ಯಕ. ಆರ್ಥೊಡಾಕ್ಸ್ ಕ್ರೈಸ್ತರು ಈಸ್ಟರಿಗೆ ಮುಂಚಿನ ದೀರ್ಘ ವ್ರತಕಾಲದಲ್ಲಿಯೂ ಬುಧವಾರ, ಶುಕ್ರವಾರಗಳಲ್ಲಿಯೂ ಮಾಂಸ, ಮೊಟ್ಟೆ, ಹಾಲು ಬಿಡುವ ಸಂಪ್ರದಾಯವಿರುವುದರಿಂದ ವ್ರತದ ಅಡುಗೆಯ ಒಂದು ದೊಡ್ಡ ಪರಂಪರೆಯೇ ಅಲ್ಲಿದೆ. ‘ನಿಸ್ತೀಸಿಮೊ’ ಎಂಬ ಒಂದು ಪದ ಕಲಿತರೆ ಅರ್ಧ ಕೆಲಸವಾದಂತೆ: ವ್ರತಕ್ಕೆ ಸಲ್ಲುವ ಅಡುಗೆ ಎಂದು ಅರ್ಥ. ಚಿಪ್ಪುಮೀನು, ಕಣವೆಮೀನು ವ್ರತಕ್ಕೆ ಸಲ್ಲುತ್ತವೆ, ಆದುದರಿಂದ ಅದೊಂದನ್ನು ಕೇಳಿಕೊಳ್ಳಬೇಕು. ಅನ್ನ ತುಂಬಿ ಬೇಯಿಸಿದ ಟೊಮೆಟೊ, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ (ಪತ್ರೊಡೆಯ ದೂರದ ನೆಂಟ ಎನ್ನಬಹುದು), ಬೇಳೆಯನ್ನು ಅರೆದು ಎಣ್ಣೆ ಸುರಿದ ಫಾವಾ, ಬೆಟ್ಟದಿಂದ ಕಿತ್ತು ತಂದು ಬೇಯಿಸಿ ನಿಂಬೆರಸ ಹಿಂಡಿದ ಕಾಡುಸೊಪ್ಪು. ಈ ಸೊಪ್ಪುಗಳ ಕಹಿ, ಒಗರುಗಳಲ್ಲಿ ಸ್ತಮ್ನಗಾಥಿ ಎಂಬುದು ಶ್ರೇಷ್ಠವೆಂದು ಅಲ್ಲಿಯವರ ಮತ.

ಎಲ್ಲಕ್ಕಿಂತ ಮೊದಲು ತಿನ್ನಬೇಕಾದದ್ದು ದಾಕೊಸ್. ಬಾರ್ಲಿ ಹಿಟ್ಟಿನ ರೊಟ್ಟಿಯನ್ನು ಎರಡು ಸಲ ಬೇಯಿಸಿ ಕಲ್ಲಿನಂತೆ ಒಣಗಿಸುತ್ತಾರೆ. ಕುರುಬರೂ ನಾವಿಕರೂ ತಿಂಗಳುಗಟ್ಟಲೆ ಕಟ್ಟಿಕೊಂಡು ಹೋಗುತ್ತಿದ್ದ ಬುತ್ತಿ ಅದು. ಅದನ್ನು ತುಸು ನೆನೆಸಿ, ಮೇಲೆ ತುರಿದ ಟೊಮೆಟೊ, ಮಿಜಿಥ್ರಾ ಎಂಬ ಮೆತ್ತನೆಯ ಗಿಣ್ಣು, ಓರೆಗಾನೊ, ಧಾರಾಳವಾಗಿ ಆಲಿವ್ ಎಣ್ಣೆ ಹಾಕಿದರೆ ದಾಕೊಸ್. ಇಂದು ಜಗತ್ತೆಲ್ಲ ಹೊಗಳುವ ಮೆಡಿಟರೇನಿಯನ್ ಆಹಾರಕ್ರಮದ ಕೀರ್ತಿ ಹೊರಟದ್ದು ಬಹುಮಟ್ಟಿಗೆ ಈ ದ್ವೀಪದಿಂದ. ಆನ್ಸೆಲ್ ಕೀಸ್ 1958ರಲ್ಲಿ ಆರಂಭಿಸಿದ ಏಳು ದೇಶಗಳ ಅಧ್ಯಯನದಲ್ಲಿ ಹೃದಯರೋಗದ ಸಾವು ಅತಿ ಕಡಿಮೆ ಕಂಡದ್ದು ಕ್ರೀಟಿನ ಹಳ್ಳಿಯ ಗಂಡಸರಲ್ಲಿ. ಅದಕ್ಕೆ ಹತ್ತು ವರ್ಷ ಮೊದಲು, ಯುದ್ಧದಿಂದ ಜರ್ಜರಿತವಾಗಿದ್ದ ದ್ವೀಪದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದವರು ಸಮೀಕ್ಷೆ ನಡೆಸಿದಾಗ ಅದೇ ಜನ ತಮ್ಮ ಊಟದ ಬಗ್ಗೆ ತೃಪ್ತರಾಗಿರಲಿಲ್ಲ. ಅವರಿಗೆ ಮಾಂಸ ಬೇಕಾಗಿತ್ತು. ಇಂದು ಆರೋಗ್ಯವೆಂದು ಮಾರಾಟವಾಗುತ್ತಿರುವುದು ಅಂದು ಅವರ ಪಾಲಿಗೆ ಬಡತನವಾಗಿತ್ತು. ಊಟವಾದ ಮೇಲೆ ಕೇಳದೆಯೇ ಹಣ್ಣಿನೊಂದಿಗೆ ಒಂದು ಸಣ್ಣ ಬಾಟಲಿ ತ್ಸಿಕುದ್ಯಾ ಬರುತ್ತದೆ; ದ್ರಾಕ್ಷಿಯ ಚರಟದಿಂದ ಬಟ್ಟಿಯಿಳಿಸಿದ ತೀಕ್ಷ್ಣ ಮದ್ಯವದು. ಕುಡಿಯದವರು ಕೈಯನ್ನು ಎದೆಯ ಮೇಲಿಟ್ಟು ಬೇಡವೆಂದರೆ ಯಾರೂ ಬೇಸರಿಸಿಕೊಳ್ಳುವುದಿಲ್ಲ.

ಹನ್ಯಾದ ಹಳೆಯ ಬಂದರು ವೆನಿಸಿನವರು ಕಟ್ಟಿದ್ದು. ದಂಡೆಯ ಮೇಲೆ ತುರ್ಕರು 1645ರಲ್ಲಿ ಊರನ್ನು ಗೆದ್ದ ಮೇಲೆ ಕಟ್ಟಿದ ಮಸೀದಿಯ ಗುಮ್ಮಟಗಳಿವೆ. ನಮಾಜು ಮಾಡುವವರು ಮಾತ್ರ ಇಲ್ಲ. 1923ರಲ್ಲಿ ಗ್ರೀಸ್, ತುರ್ಕಿಗಳು ಜನರನ್ನು ಅದಲುಬದಲು ಮಾಡಿಕೊಳ್ಳುವ ಒಪ್ಪಂದಕ್ಕೆ ಬಂದವು. ಆಗ ಆಧಾರವಾಗಿಟ್ಟುಕೊಂಡದ್ದು ಭಾಷೆಯನ್ನಲ್ಲ, ಧರ್ಮವನ್ನು. ಕ್ರೀಟಿನ ಮುಸಲ್ಮಾನರ ಮನೆಮಾತು ಗ್ರೀಕ್. ಹಲವರಿಗೆ ತುರ್ಕಿ ಭಾಷೆ ಬರುತ್ತಲೇ ಇರಲಿಲ್ಲ. ಅವರನ್ನು ಹಡಗು ಹತ್ತಿಸಿ ತುರ್ಕಿಗೆ ಕಳಿಸಿದರು. ಆ ಕಡೆಯಿಂದ ತುರ್ಕಿ ಭಾಷೆಯನ್ನೇ ಆಡುತ್ತಿದ್ದ ಕ್ರೈಸ್ತರು ಗ್ರೀಸಿಗೆ ಬಂದಿಳಿದರು. 1956ರಲ್ಲಿ ಗಡಿ ಎಳೆದಾಗ ನಾವು ನಿಂತಲ್ಲೇ ಉಳಿದೆವು, ರಾಜ್ಯ ಬದಲಾಯಿತು. ಅಲ್ಲಿ ಗಡಿ ನಿಂತಲ್ಲೇ ಉಳಿದು ಜನ ಬದಲಾದರು. ತುರ್ಕಿಯ ಐವಾಲಿಕ್, ಜುಂದಾಗಳಲ್ಲಿ ಆ ಮನೆತನಗಳ ವೃದ್ಧರು ಕ್ರೀಟಿನ ಗ್ರೀಕನ್ನೂ ‘ಮಂತಿನಾದ’ ಎಂಬ ಪ್ರಾಸಬದ್ಧ ದ್ವಿಪದಿಗಳನ್ನೂ ಬಹುಕಾಲ ಉಳಿಸಿಕೊಂಡಿದ್ದರು. ಮಕ್ಕಳು ಶಾಲೆಯ ಭಾಷೆಗೆ ಸರಿದರು. ಬಂದರಿನ ಆ ಗುಮ್ಮಟಗಳ ಮುಂದೆ ಜನ ಐಸ್‌ಕ್ರೀಮ್ ಹಿಡಿದು ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಗಡಿನಾಡಿನಿಂದ ಹೋದವರು ಒಂದು ಗಳಿಗೆ ಹೆಚ್ಚು ನಿಲ್ಲಬಹುದು.

ಹಿಂತಿರುಗುವಾಗ ವಿಮಾನದ ಬದಲು ಹನ್ಯಾದ ಸಮೀಪದ ಸೂದಾ ಬಂದರಿನಿಂದ ರಾತ್ರಿಯ ಹಡಗು ಹಿಡಿದರೆ ಬೆಳಿಗ್ಗೆ ಅಥೆನ್ಸಿನ ಬಂದರಾದ ಪಿರೇಯಸ್ ತಲುಪಬಹುದು. ಒಂದು ರಾತ್ರಿಯ ವಸತಿಯ ಖರ್ಚು ಉಳಿಯುತ್ತದೆ. ಮಲಗುವ ಕೋಣೆಯನ್ನು ಮೊದಲೇ ಕಾದಿರಿಸಬೇಕು. ಇಲ್ಲವಾದರೆ ಮೇಲಟ್ಟದ ಬೆಂಚಿನ ಮೇಲೆ ಕಂಬಳಿ ಹೊದ್ದು ಮಲಗಬೇಕಾಗುತ್ತದೆ. ಸೆಪ್ಟೆಂಬರಿನ ರಾತ್ರಿಯಲ್ಲಿ ಅದೂ ಸಹಿಸಲಾಗದ್ದೇನಲ್ಲ.